ಮರೆಯಲಿರುವುದು ಎಂಬತ್ತೆರಡು

ಫೋನಿನ ಬೆನ್ನು ಉಬ್ಬಿದೆ. ಬ್ಯಾಟರಿ
ಹುದುಗು ಬಂದ ಹಿಟ್ಟಿನ ಹಾಗೆ ಮುಚ್ಚಳ ಎತ್ತುತ್ತಿದೆ.
ಕ್ಲಾಕ್ಸ್‌ವೀಕಿನ ಅಂಗಡಿಯವನು ಬೆರಳಲ್ಲಿ ಒತ್ತಿ ನೋಡಿ ಹೇಳಿದ:
ಇವತ್ತೋ ನಾಳೆಯೋ. ಒಳಗಿರುವುದನ್ನೆಲ್ಲ
ಇವತ್ತೇ ಇಳಿಸಿಟ್ಟುಕೋ.

ಒಳಗೇನಿದೆ ಎಂದು ಅವನಿಗೆ ಹೇಳಲಿಲ್ಲ.
ಮೂರು ಸಾವಿರದ ನೂರ ನಲವತ್ತು ಕಾರ್ಡು.
ಪ್ರಶ್ನೆ ಫ್ಯಾರೋ ಭಾಷೆಯಲ್ಲಿ, ಉತ್ತರ
ನಮ್ಮ ಇಲೋಯಿಲೋದ ಮಾತಿನಲ್ಲಿ.
ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಭಾಷೆಯಲ್ಲ ಇದು,
ಐವತ್ತು ಸಾವಿರ ಬಾಯಿ, ಅದಕ್ಕಿಂತ ಹೆಚ್ಚು ಕುರಿ.
ಒಂದೊಂದು ಕಾರ್ಡನ್ನೂ ನಾನೇ ಮಾಡಿದೆ,
ಮೀನಿನ ಕಾರ್ಖಾನೆಯ ಹದಿನೈದು ನಿಮಿಷದ ಬಿಡುವಿನಲ್ಲಿ,
ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ಮರಗಟ್ಟಿದ ಹೆಬ್ಬೆರಳಿನಲ್ಲಿ.

ಮ್ಯೋರ್ಚಿ ಅಂದರೆ ಮಂಜು. ಸ್ಕದ್ದ ಅಂದರೂ ಮಂಜು.
ವ್ಯತ್ಯಾಸ ಏನು ಎಂದರೆ
ಪಕ್ಕದ ಸಾಲಿನ ಮಾರ್ಗ್ರೆತ ಕಿಟಕಿ ತೋರಿಸಿ
'ಇವತ್ತಿನದು ಅದಲ್ಲ' ಅಂದಳು.

ಮರೆವು ಕಟ್ಟಿಟ್ಟ ಬುತ್ತಿ, ಗೊತ್ತು.
ಅದಕ್ಕೇ ಈ ಯಂತ್ರ ದಿನಾ ಬೆಳಿಗ್ಗೆ
ಅಳೆದು ಮುಂದಿಡುತ್ತದೆ:
ಇವತ್ತು ನೀನು ಮರೆಯಲಿರುವುದು ಎಂಬತ್ತೆರಡು.

ಅಡುಗೆಮನೆಯ ಮೇಜು. ಹನುಸ್‌ನ ಹಳೇ ಲ್ಯಾಪ್‌ಟಾಪ್.
ಅವನು ಬ್ಯಾರೆಂಟ್ಸ್ ಸಮುದ್ರದಲ್ಲಿ, ಟ್ರಾಲರಿನ ಮೇಲೆ,
ಬರಲು ಇನ್ನೂ ಹತ್ತೊಂಬತ್ತು ದಿನ.
ಹೊರಗೆ ಗಾಳಿ ಯಾರದೋ ಕಸದ ಡಬ್ಬಿಯನ್ನು
ಬೀದಿಯುದ್ದಕ್ಕೂ ಓಡಿಸುತ್ತಿದೆ.
ಪಾಸ್‌ವರ್ಡ್ ಕುಟ್ಟಿದೆ. ಪರದೆ ಹೇಳಿತು:

ಎರಡೂ ಕಡೆಯ ಕಾರ್ಡುಗಳು ತಾಳೆಯಾಗುತ್ತಿಲ್ಲ.
ಒಂದನ್ನು ಉಳಿಸಿಕೊಳ್ಳಿ. ಇನ್ನೊಂದು ಅಳಿಸಿಹೋಗುತ್ತದೆ.

ಎರಡು ಗುಂಡಿ, ಒಂದೇ ಬಣ್ಣ.
ಖಾತೆ ನನ್ನದೇ. ಈ ಲ್ಯಾಪ್‌ಟಾಪ್ ಮುಟ್ಟಿ ವರ್ಷವಾಯಿತು.
ಇದರಲ್ಲಿ ತಾಳೆಯಾಗದಂಥದ್ದು ಏನಿದ್ದೀತು?

ತೆರೆದೆ. ತಳದಲ್ಲಿ ಒಂದು ಕಟ್ಟು, ಹೆಸರೂ ಇಟ್ಟಿಲ್ಲ.
ನಲವತ್ತಾರು ಕಾರ್ಡು, ತಿರುವುಮುರುವು:
ಪ್ರಶ್ನೆ ನನ್ನ ಮಾತಿನಲ್ಲಿ, ಉತ್ತರ ಅವನದರಲ್ಲಿ.
ಉಲಾನ್: ಮಳೆ. ಸರಿ.
ಇಸ್ದ: ಮೀನು. ಅದಾದರೂ ಬರದಿದ್ದರೆ ಹೇಗೆ.
ಹಗ್ದನ್, ಮೆಟ್ಟಿಲು: ಹದಿನೇಳು ಸಲ ಸೋತಿದ್ದಾನೆ.
ಲೆಕ್ಕವೆಲ್ಲ ಇದೆ, ಹೊತ್ತಿನ ಸಮೇತ,
ರಾತ್ರಿ ಎರಡು, ಎರಡೂವರೆ, ನಾನು ಮಲಗಿದ ಮೇಲೆ.
ಪಲಂಗ್ಗ: ನನ್ನ ತಾಯಿ ನನ್ನನ್ನು ಕರೆಯುತ್ತಿದ್ದ ಮಾತು.
ಉತ್ತರದ ಜಾಗ ಖಾಲಿ.
ಅರ್ಥ ಸಿಗಲಿಲ್ಲವೋ, ಬೇಕೆನಿಸಲಿಲ್ಲವೋ.

ಕೊನೆಯದು ಅಂಬೋಟ್.
ಅವನು ಬರೆದ ಅರ್ಥ: ದಣಿದಿದ್ದೇನೆ.

ತಪ್ಪು. ಅಂಬೋಟ್ ಎಂದರೆ 'ಗೊತ್ತಿಲ್ಲ'.
ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಾ ಕೂತಾಗ
ಏನು ಯೋಚಿಸ್ತಿದ್ದೀಯ ಅಂತ ಕೇಳುತ್ತಾನೆ,
ಅಂಬೋಟ್ ಅನ್ನುತ್ತೇನೆ.
ಆರು ವರ್ಷ ಕೇಳಿಸಿಕೊಂಡು
ಇಷ್ಟು ಅರ್ಥ ಮಾಡಿಕೊಂಡಿದ್ದಾನೆ.
ಯಾವ ನಿಘಂಟು ನೋಡಿದನೋ.

ಗುಂಡಿ ಒತ್ತಲಿಲ್ಲ, ರದ್ದು ಮಾಡಿದೆ.
ನನ್ನದನ್ನು ಒಂದು ಕಡತ ಕಟ್ಟಿದೆ, ಧ್ವನಿ ಸಮೇತ
(ಆ ಚೌಕದಲ್ಲಿ ಗುರುತು ಹಾಕಲು ಮರೆತು
ಒಮ್ಮೆ ಇಡೀ ಊರು ಮೂಕವಾಗಿತ್ತು).
ಅವನದನ್ನು ಇನ್ನೊಂದು.
ಎರಡೂ ಪೆನ್ ಡ್ರೈವಿಗೆ, ಪೆನ್ ಡ್ರೈವು ಅತ್ತೆಯ ಉಣ್ಣೆಯ ಡಬ್ಬಿಗೆ.
ಮತ್ತೊಂದು ಪ್ರತಿ ನಾಳೆ ಮಾರ್ಗ್ರೆತಳ ಲಾಕರಿಗೆ.
ಒಣಗಿಸುವ ಮಾಂಸವನ್ನೂ ಅತ್ತೆ
ಒಂದೇ ಕೊಕ್ಕೆಗೆ ತೂಗುಹಾಕುವವಳಲ್ಲ.

ಆಮೇಲೆ ಅಂಬೋಟನ್ನು ಮತ್ತೆ ತೆರೆದೆ.
ತಿದ್ದಲು ಬೆರಳಿಟ್ಟೆ. ಕರ್ಸರ್ ಮಿಣುಕುತ್ತಾ ಕಾದಿತ್ತು.
ಅವನದನ್ನು ಹಾಗೇ ಬಿಟ್ಟು
ಫೋನಿನಲ್ಲಿ, ನನ್ನ ಕಟ್ಟಿಗೆ, ಒಂದು ಸೇರಿಸಿದೆ:
ಅದೇ ಮಾತು, ಅವನ ಅರ್ಥ.
ಮೂರು ಸಾವಿರದ ನೂರ ನಲವತ್ತೊಂದು.

ಈಗ ಡಬ್ಬಿಯೊಳಗಿರುವುದು ಹಳತಾಯಿತು.
ಹನ್ನೊಂದೂಕಾಲು. ಫೋನ್ ಅಂಗೈ ಸುಡುತ್ತಿದೆ.
ಉಣ್ಣೆಯುಂಡೆಗಳನ್ನು ಸರಿಸಿ
ಪೆನ್ ಡ್ರೈವ್ ಹುಡುಕುತ್ತಿದ್ದೇನೆ.