ನಡಾವಳಿ

ಜುಲೈ ತಿಂಗಳ ಎರಡನೇ ಸೋಮವಾರ
ಗ್ರಂಥಾಲಯದ ಮೆಟ್ಟಿಲ ಕೆಳಗೆ ಐದು ಮೇಜು.
ಒಂದರ ಮೇಲೆ ಎನ್ನೆಸ್ಸೆಸ್ ಎಂದು ಬರೆದ ರಟ್ಟು,
ಒಂದರ ಮೇಲೆ ಚೆಸ್ ಬೋರ್ಡು, ರಾಜನ ಜಾಗದಲ್ಲಿ ಪೆನ್ನಿನ ಮುಚ್ಚಳ,
ಒಂದರ ಹಿಂದೆ ಯಾರೂ ಇಲ್ಲ, ಬರೀ ತಬಲಾ.
ನಾನು ಬಸ್ ಪಾಸಿನ ಸಾಲು ಅಂದುಕೊಂಡು ನಿಂತಿದ್ದೆ.

"ಹೆಸರು?" ಅಂದಳು ರೆನಿಟಾ ಅಕ್ಕ, ಕೊನೆಯ ವರ್ಷದ ಬಿಎ,
ಬೆರಳಲ್ಲಿ ಯಾವ್ಯಾವುದೋ ಬೀಗದ ಆರೇಳು ಕೀಲಿ.
ಹಾಲಮ್ಮ, ಅಂದೆ.
ಪಕ್ಕದವನು ತಲೆ ಎತ್ತಿದ: "ಅಜ್ಜಿದಲ್ಲ, ನಿಂದು."
ನನ್ನದೇ.
ಅಜ್ಜಿಯದೂ ಅದೇ. ಒಂದೇ ಹೆಸರನ್ನು ಇಬ್ಬರೂ ಉಟ್ಟಿದ್ದೇವೆ;
ಅವಳಿಗೆ ಒಗ್ಗಿದೆ, ನನಗಿನ್ನೂ ದೊಗಳೆ.

ಹೀಗೆ ಗೋಡೆ ಪತ್ರಿಕೆಯ ಸಂಘಕ್ಕೆ ಸೇರಿದೆ,
ಪುಸ್ತಕದಲ್ಲಿ ಮಾತ್ರ.

ಸಭೆ ಪ್ರತಿ ಗುರುವಾರ ನಾಲ್ಕೂವರೆಗೆ.
ಚೋರಡಿಗೆ ನನ್ನ ಬಸ್ಸು ಐದೂ ಹತ್ತಕ್ಕೆ.
ಅದು ತಪ್ಪಿದರೆ ಮುಂದಿನದು ಏಳೂ ಕಾಲು,
ಇಳಿದ ಮೇಲೆ ಎರಡು ಮೈಲಿ ಕತ್ತಲು,
ಅಪ್ಪನ ಕೈಯಲ್ಲಿ ಬ್ಯಾಟರಿ, ಬಾಯಲ್ಲಿ ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೇ ನಾನು ಹೆದರುವುದು.

ಮೂರು ಗುರುವಾರ ಕಾಲು ಗಂಟೆ ಕೂತು ಎದ್ದೆ.
ಹಿನ್ನೆಲೆಯ ಕಾಗದ ಯಾವ ಬಣ್ಣ ಎಂಬಲ್ಲಿಗೆ ಮಾತು ಬರುವಾಗ
ನಾನು ಸೇತುವೆ ಮೇಲೆ ಓಡುತ್ತಿದ್ದೆ,
ಕೆಳಗೆ ತುಂಗೆ, ಕೆಂಪಗೆ, ತನ್ನ ಪಾಡಿಗೆ,
ಯಾವ ಬಸ್ಸಿಗೂ ಕಾಯದೆ.

"ಹೊಸಬರು ಹೀಗೇ, ಸರ್ಟಿಫಿಕೇಟಿಗೆ ಬರ್ತಾರೆ" ಅಂದರಂತೆ ಯಾರೋ.
ಅದು ಕಿವಿಗೆ ಬಿದ್ದದ್ದು ಶುಕ್ರವಾರ.
ಶನಿವಾರವೆಲ್ಲ ಉರಿಯಿತು. ಭಾನುವಾರ ಬಟ್ಟೆ ಒಗೆಯುತ್ತ
ಉತ್ತರವೊಂದನ್ನು ಕಟ್ಟಿದೆ, ಬಹಳ ಉದ್ದ,
ಅದರಲ್ಲಿ ನ್ಯಾಯ, ಸಮಾನತೆ, ಎಲ್ಲ ಇತ್ತು.

ನಾಲ್ಕನೇ ಗುರುವಾರ ಎದ್ದು ನಿಂತಾಗ
ಉಳಿದದ್ದು ಒಂದೇ ವಾಕ್ಯ:
"ಸಭೆ ಮಧ್ಯಾಹ್ನ, ಊಟದ ಹೊತ್ತಿಗೆ ಇಟ್ರೆ ಆಗಲ್ವಾ?"
ನಾಲಿಗೆ ಸೀಮೆಸುಣ್ಣ.

ಫ್ಯಾನು ತಿರುಗಿತು. ಶೇಷಗಿರಿ ಮೇಷ್ಟ್ರು ಕನ್ನಡಕ ಒರೆಸಿದರು.
ಊಟ ಯಾವಾಗ ಮಾಡೋದು, ಅಂದ ಒಬ್ಬ.
ಡಬ್ಬಿ ಇಲ್ಲೇ ಬಿಚ್ಚೋಣ, ಅಂದಿತು ಹಿಂದಿನ ಬೆಂಚು.
ಬೀರೇಶ. ಆಯನೂರಿನವನು.
ದಿನಾ ಅದೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವವನು.
ಒಂದು ತಿಂಗಳಿಂದ ಅವನ ಚೀಲ ನನ್ನ ತೊಡೆಯ ಮೇಲೆ ಬಂದಿದೆ,
ಮಾತು ಬಂದಿರಲಿಲ್ಲ.

ಕೈ ಎತ್ತಿ, ಅಂದಳು ರೆನಿಟಾ ಅಕ್ಕ. ಕೀಲಿಯಿಂದಲೇ ಎಣಿಸಿದಳು.
ಹನ್ನೊಂದು. ಬೇಡ ಅಂದವರು ಎಂಟು.
ಆದದ್ದು ಇಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ.
ಮುಂದಿನದು ಬಣ್ಣ. ನಾನು ನೀಲಿ ಅಂದೆ, ಸೋತೆ.

ಆಮೇಲೆ ನಡಾವಳಿ ಪುಸ್ತಕ ನನ್ನತ್ತ ಸರಿಯಿತು:
"ಅಕ್ಷರ ದುಂಡಗಿದೆಯಂತೆ, ನೀನೇ ಬರಿ.
ಆದ್ರೆ ಇದರಲ್ಲಿ 'ನಾನು' ಅನ್ನೋ ಹಾಗಿಲ್ಲ."

ಬಸ್ಸಿಗೆ ಹದಿನಾಲ್ಕು ನಿಮಿಷ.
ಬರೆದೆ: ಸಭೆಯ ಸಮಯವನ್ನು ಬದಲಿಸಬೇಕೆಂದು
ಪ್ರಥಮ ಬಿಕಾಂನ ಕುಮಾರಿ
ಇಲ್ಲಿ ಪೆನ್ನು ನಿಂತಿತು.
ಎಚ್. ಸಿ. ಅಂತ ಗೀಚಿ ಮುಗಿಸಬಹುದಿತ್ತು,
ಹೈಸ್ಕೂಲಿನಲ್ಲಿ ಎಷ್ಟೋ ಸಲ ಹಾಗೇ ದಾಟಿದ್ದೇನೆ.

ಹಾಲಮ್ಮ ಸೂಚಿಸಿದರು.
ಸೂಚಿಸಿದಳು ಅಲ್ಲ, ಸೂಚಿಸಿದರು.
ನನಗೆ ನಾನೇ ಕೊಟ್ಟುಕೊಂಡ ಬಹುವಚನ.
ಸೊಸೈಟಿಯ ಪುಸ್ತಕದಲ್ಲಿ ಬರೀ ಹೆಬ್ಬೆಟ್ಟು ಒತ್ತಿದ ಅಜ್ಜಿಯೂ
ಬೇಕಿದ್ದರೆ ಅದರೊಳಗೆ ಬಂದು ಕೂರಲಿ.
ಅನುಮೋದಿಸಿದವರು: ಬೀರೇಶ್.

ಶಾಯಿ ಒಣಗುವ ಮೊದಲೇ ಮುಚ್ಚಿ ಓಡಿದೆವು,
ಚಲಿಸುವ ಬಸ್ಸಿನ ಬೆನ್ನು ಬಡಿದು ಹತ್ತಿದೆವು.
ಕಂಡಕ್ಟರ್ ಇಮ್ತಿಯಾಜಣ್ಣ ಬೈದ, ಇಬ್ಬರಿಗೂ ಸೇರಿಸಿ.
ಸೀಟು ಸಿಕ್ಕಿತು ನನಗೆ. ಚೀಲ ಬಂತು ತೊಡೆಗೆ.
ಆಯನೂರು ಬರುವಾಗ, ಚೀಲ ತೆಗೆದುಕೊಳ್ಳುತ್ತ ಅಂದ:
"ನೀಲಿಗೆ ನಾನೂ ಎತ್ತಿದ್ದೆ ಕೈ.
ನೀನು ನೋಡ್ಲಿಲ್ಲ."