ಬಾರದಾನ

ಖಾಲಿ ಚೀಲಕ್ಕೂ ತೂಕ ಅದ.
ಅದನ್ನ ಕಳದ ಮ್ಯಾಲೇ ತೊಗರಿಗೆ ಬೆಲೆ.
ಕಳದದ್ದು ಎಲ್ಲಿ ಹೋಗತದ ಅಂತ
ಕಪನೂರಿನ ದಾಲ್ ಮಿಲ್ಲಿನಾಗ ಯಾರೂ ಕೇಳಂಗಿಲ್ಲ.

ನಾ ಅಲ್ಲಿ ಲೆಕ್ಕ ಬರಿಯಾಕಿ, ಹತ್ತರಿಂದ ಆರು.
ರಾತ್ರಿ, ಕರೆಂಟ್ ಇದ್ದಷ್ಟು ಹೊತ್ತು,
ಒಂದು ಸಣ್ಣ ಭಾಷೆಯ ಕಾವಲುಗಾರ್ತಿ.
ಮಂದಿ ಆಡೂ ಭಾಷೆ ಅಲ್ಲ, ಯಂತ್ರಕ್ಕ ಹೇಳೂ ಭಾಷೆ.
ಹೆಸರು ಗಿದ್ನ.
ಕಟ್ಟಿದವರು ಶಹಾಬಾದಿನ ಮಕದೂಮ ಸರ್,
ಪಾಲಿಟೆಕ್ನಿಕ್ಕಿನಾಗ ಗಣಿತ ಹೇಳತಿದ್ರು.
ಕಟ್ಟಿ, ಯಾರು ಬೇಕಾದವರು ಒಯ್ಯಲಿ ಅಂತ
ಬಾಗಲ ತೆರದಿಟ್ಟರು.
ನಾಕು ವರ್ಷದ ಹಿಂದ ಅವರ ಕಣ್ಣು ಸೋತವು.
"ಕೀಲಿ ಇನ್ನ ನಿನ್ನ ಹತ್ರ ಇರಲವ್ವಾ" ಅಂದರು.
ತೆರದ ಬಾಗಲಕ್ಕ ಕೀಲಿ ಎದಕ್ಕ ಅಂತ
ಅವತ್ತು ನನಗ ತಿಳೀಲಿಲ್ಲ.

ಗಿದ್ನಕ್ಕ ಒಂದೇ ಹಟ:
ಬರೀ ಅಂಕಿಯನ್ನ ನಂಬಂಗಿಲ್ಲ.
ನಲವತ್ತು ಅಂದ್ರ, ನಲವತ್ತು ಏನು? ಅನ್ನತದ.
ಸೇರೋ, ಕಿಲೋನೋ, ರೂಪಾಯೋ, ದಿನಾನೋ?
ಕ್ವಿಂಟಲ್ಲಿಗೆ ಕಿಲೋ ಹಂಗೇ ಕೂಡಿಸಿದರ
ನಟ್ಟನಡು ನಿಂತು ಬಿಡತದ.
ಕೂಡಿದ್ದಕ್ಕಷ್ಟೇ ಅಲ್ಲ,
ಕಳದದ್ದಕ್ಕೂ ಹೆಸರು ಕೇಳತದ.

ನಮ್ಮ ಸಾವಕಾರರ ಕಾಟಾ ಓಡೂದು ಅದರ ಮ್ಯಾಲೇ.
ಮಾರ್ಚಿನ ಒಂದು ಮಧ್ಯಾಹ್ನ
ಕೂಲರಿನ ಸಪ್ಪಳ ಮೀರಿಸಿ ಕೇಳಿದೆ:
"ವರ್ಷಕ್ಕ ಇಷ್ಟು ಅಂತ ಏನಾರ ಕೊಡ್ರಿ.
ಭಾಷೆಗೆ ದುರಸ್ತಿ ಬೇಕಾಗತದ."
"ಪುಕ್ಕಟೆ ಅಂತನೇ ಕೊಟ್ಟಾರಲ್ಲ ನಿಮ್ಮ ಸರ್?"
"ಪುಕ್ಕಟೆ ಖರೆ. ಪುಕ್ಕಟೆ ಬಾವಿಗೂ ಹೂಳು ತುಂಬತದ್ರಿ."

ಗುರುಲಿಂಗಪ್ಪ ಸಾವಕಾರರು ನಕ್ಕರು, ಚಹಾ ಹೇಳಿದರು.
ಚಹಾ ಅರ್ಧ ಆದ ಮ್ಯಾಲ ಮಾತು ಬಂತು:
"ಕೊಡೋಣ. ಇಪ್ಪತ್ತು ಸಾವಿರ, ಈಗಲೇ.
ಚೀಲಕ್ಕ ಒಂದು ಕಿಲೋ ಬಾರದಾನ ಹಿಡೀತೀವಲ್ಲ,
ಒಂದೂವರಿ ಮಾಡು. ಚೀಟಿಯಾಗ ಒಂದೇ ಕಾಣಬೇಕು.
ನಿನ್ನ ಗಿದ್ನ ಭಾಳ ಮಾತಾಡತದ,
ಅಷ್ಟೊಂದು ಬಾಯಿ ಮುಚ್ಚಿಸು."

ಇಪ್ಪತ್ತು ಸಾವಿರ.
ಏನು? ಅಂತ ಒಳಗಿಂದ ಕೇಳಿತು.
ರೂಪಾಯಿ ಅನ್ನಲಿಕ್ಕೆ ನಾಲಗಿ ಏಳಲಿಲ್ಲ.

ಹೊರಗ ಭೀಮಬಾಯಿ
ನೆಲಕ್ಕ ಉದುರಿದ ತೊಗರಿ ಗುಡಿಸಲತ್ತಿದ್ದಳು.
ಗುಡಿಸಿದ್ದು ಆಕಿಗೆ, ಅದೇ ಕೂಲಿ,
ಕಲ್ಲು ಮಣ್ಣು ಸಹಿತ.
"ಏನಂದ್ರವಾ ಸಾವಕಾರ್ರು?"
"ಚಹಾ ಕುಡಿಸಿದ್ರು."
"ಚಹಾ ಅಷ್ಟೇ?" ಅಂದು ಮೊರ ತಟ್ಟಿದಳು.

ಈಗ ರಾತ್ರಿ ಒಂದು.
ದೂರದ ಯಾವುದೋ ಸಂಸ್ಥೆ ಇಂಥ ಕೆಲಸಕ್ಕ ನೆರವು ಕೊಡತದಂತ.
ಅರ್ಜಿ ತೆರದು ಕುಂತೀನಿ. ಕಾಲಡಿ ಪರಸಿ
ಹಗಲಿನ ಕಾವು ಇನ್ನೂ ಬಿಟ್ಟಿಲ್ಲ.

'ಬಳಸುವವರು ಎಷ್ಟು?'
ನಲವತ್ತೊಂದು. ಅದರೊಳಗ ಬರಿಯವರು ಇಷ್ಟೇ ಮಂದಿ.
ಆದರ ಆಳಂದದಿಂದ, ಜೇವರ್ಗಿಯಿಂದ,
ನಸುಕಿನಾಗ ಟ್ರಾಕ್ಟರ್ ಹೊಡಕೊಂಡು ಬಂದು
ಕಾಟಾ ಏರಿ ಇಳದವರನ್ನ ಯಾವ ಮನಿಯಾಗ ಬರೀಲಿ?
ಅವರಿಗೆ ಇದರ ಹೆಸರೂ ಗೊತ್ತಿಲ್ಲ.
ತೂಕ ಸರಿ ಇದ್ದ ದಿನ
ಕಾಟಾ ಯಾರಿಗೂ ನೆನಪಾಗಂಗಿಲ್ಲ.

'ನಿಮ್ಮ ನಂತರ ಯಾರು?'
ಎದ್ದು ಹೋಗಿ ನೀರು ಕುಡದು ಬಂದೆ.

'ಬೇಕಾದ ಮೊತ್ತ?'
ಹನ್ನೊಂದು ತಿಂಗಳು, ಅಂತ ಬರದೆ.
ಕೆಂಪಗ ಬಂತು: ಅಂಕಿ ಮಾತ್ರ.
ದಿನಕ್ಕ ನಾಕು ತಾಸು ನಿದ್ದಿ, ಅಂತ ಬರದೆ.
ಅಂಕಿ ಮಾತ್ರ.
ಮನಸ್ಸು ತಡೀಲಿಲ್ಲ, ಬಾರದಾನ, ಅಂತ ಬರದೆ.
ಅಂಕಿ ಮಾತ್ರ.

ಕಡೀಕ ಬರೀ ಹನ್ನೊಂದು ಒತ್ತಿದೆ.
ತಗೊಂಡಿತು.
ಏನು ಅಂತ ಕೇಳಲೇ ಇಲ್ಲ.