ಕಣ್ಣ ಅಂದರೆ ಕಿವಿ

ಐವತ್ತೇಳಕ್ಕೆ ಶುರು ಮಾಡಿದೆ.
ಜೂನ್ ಒಂದು. ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ
ಗೂಟಕ್ಕೆ ಕಟ್ಟಿದ ಎಮ್ಮೆಗಳ ಹಾಗೆ ಒತ್ತಿಕೊಂಡು ನಿಂತ ದಿನ
ಐಸ್ ಫ್ಯಾಕ್ಟರಿಯ ಕಂಪ್ರೆಸರು ಬಂದ್ ಮಾಡಿ
ಅದೇ ಮೇಜಿನ ಮೇಲೆ, ಲಾಗ್ ಪುಸ್ತಕವನ್ನು ತಿರುವಿ ಹಾಕಿ,
ಹಿಂದಿನ ಹಾಳೆಯಿಂದ
ಪ್ರಾಕೃತದ ಮೊದಲ ಪಾಠ ಬರೆದೆ.
ಅರವತ್ತೊಂದು ದಿನ ಮೀನಿಗೆ ರಜೆ, ನನಗೆ ಶಾಲೆ.

ಗುರುಗಳು ಸೋಂದೆಯವರು, ಧರಣೇಂದ್ರ ಇಂದ್ರ,
ವಯಸ್ಸು ಮೂವತ್ತೊಂದು. ಸಂಜೆ ಪೂಜೆ ಮುಗಿಸಿ ಫೋನು ಮಾಡುತ್ತಾರೆ.
ನನ್ನ ಮಗನಿಗಿಂತ ಚಿಕ್ಕವರು; ತಪ್ಪಿದರೆ
"ಶಾಣೂ ಅವರೇ, ಇನ್ನೊಮ್ಮೆ" ಎನ್ನುವ ದನಿ ಮಾತ್ರ
ನಾಲ್ಕನೇ ಇಯತ್ತೆಯ ಮಾಸ್ತರರದ್ದೇ.

ಇದರಿಂದ ಏನು ಸಿಗುತ್ತದೆ ಅಂತ ಎಲ್ಲರೂ ಕೇಳಿದರು.
ಮ್ಯಾನೇಜರಿಗೆ, ಬಿ.ಪಿ. ಇಳಿಯುತ್ತದೆ ಅಂದೆ.
ಬಲೆ ಹೊಲಿಯುವ ಗಣಬಾನಿಗೆ, ಸರಕಾರ ಪಗಾರು ಕೊಡುತ್ತದೆ ಅಂದೆ; ನಂಬಿದ,
ತನಗೂ ಒಂದು ಫಾರ್ಮು ತರಲು ಹೇಳಿದ.
ಹೆಂಡತಿ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳಬೇಕಾಗುತ್ತಿತ್ತು,
ನಿಜ ನನಗೂ ಗೊತ್ತಿರಲಿಲ್ಲ.

ಮೊದಲ ವಾರ ಬರೀ ಮೋಸ.
ಕಣ್ಣ ಅಂದರೆ ಕಿವಿ.
ಅಜ್ಜ ಅಂದರೆ ಇಂದು.
ಕನ್ನಡದ ಬಾಗಿಲಿನಿಂದ ಹೊಕ್ಕವನು ಪ್ರತಿ ಹೊಸಿಲಿಗೂ ಎಡವಿದೆ.
ಆದರೂ ಕಣ್ಣ ಅಂದರೆ ಕಿವಿ: ಇದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ.
ಇಪ್ಪತ್ತೆಂಟು ವರ್ಷ ಮೀಟರಿನ ಮುಳ್ಳು ನೋಡದೆ
ವಾಲ್ವಿನ ಕೆಮ್ಮು ಕೇಳಿಯೇ ಅಮೋನಿಯಾ ಎಷ್ಟಿದೆ ಹೇಳಿದವನು.
ಎಡಗಿವಿ ಆ ಲೆಕ್ಕಕ್ಕೇ ಖರ್ಚಾಯಿತು.
ಈಗ ಫೋನು ಬಲಕ್ಕೆ.

ಎರಡನೇ ವಾರ ಹಿತ್ತಿಲ ಬಾಗಿಲು ತೆರೆಯಿತು.
ರುಕ್ಖ, ಅಂದರು ಇಂದ್ರರು, ಮರ.
ರೂಕ್, ಅಂದಿತು ಒಳಗೆ ಯಾರೋ.
ವಿಜ್ಜು, ಅಂದರು, ಮಿಂಚು.
ವೀಜ್.
ಹತ್ಥ. ಹಾತ್.
ಕಣ್ಣ, ಅದೇ ಕಣ್ಣ: ಕಾನ್!
ಕಾಳಿಯ ಅಳಿವೆಯ ಮೇಲೆ ಮಿಂಚಿದಾಗ
ಒಣಮೀನಿನ ಚಾಪೆ ಎಳೆಯುತ್ತ ನನ್ನ ಆಯಿ ಕೂಗುತ್ತಿದ್ದದ್ದು,
ಕಾನ್ ಹಿಡಿದು ನನ್ನನ್ನು ಒಳಗೆ ದಬ್ಬುತ್ತಿದ್ದದ್ದು,
ಮುರುಕು ಮಾತು, ಮೀನಿನ ನಾತ ಎಂದು ಮಾಸ್ತರರು
ನನ್ನ ಬಾಯಿಂದ ಒರೆಸಿ ತೆಗೆದದ್ದು.
ಮುರುಕಲ್ಲ ಅದು, ಸವೆತ.
ದೋಣಿ ಎಳೆಯುವಾಗ ಅಡಿಗೆ ಕೊಡುವ ಕೊರಡು ಇದೆಯಲ್ಲ,
ನುಣ್ಣಗಾಗುತ್ತದಲ್ಲ,
ಹಾಗೆ.

ಹಳೆಯ ನಾಟಕಗಳಲ್ಲಿ, ಇಂದ್ರರು ಹೇಳಿದರು,
ರಾಜ ಆಡುವುದು ಸಂಸ್ಕೃತ.
ರಾಣಿಯೂ ಮೀನುಗಾರನೂ ಪ್ರಾಕೃತ.
ಆ ರಾತ್ರಿ ಸ್ವಲ್ಪ ಬೀಗಿದೆ. ಹೆಂಡತಿಗೆ ಹೇಳಿದೆ.
ಬಂಗುಡೆಯ ಕಿವಿರು ಕೀಳುತ್ತ ಅವಳು,
"ಹಂಗಾದ್ರೆ ಹೆಂಡತಿ ಬೈದದ್ದು ಆ ರಾಜನಿಗೆ ತಿಳೀತಿತ್ತಾ?" ಅಂದಳು.
ಇಂದ್ರರನ್ನು ಕೇಳಬೇಕು.

ವ್ಯಾಕರಣ ಇನ್ನೂ ಒದ್ದಾಟವೇ.
ಚತುರ್ಥಿ ಇದರಲ್ಲಿ ಹೆಚ್ಚೂಕಡಿಮೆ ಇಲ್ಲ, ಕೊಡುವುದಕ್ಕೂ ಷಷ್ಠಿ.
ಆಯಿಗೆ ಸೀರೆ ಅನ್ನಲು ಆಯಿಯ ಸೀರೆ ಅನ್ನಬೇಕು.
ಅಂದರೆ ಕೊಡುವ ಮೊದಲೇ ಅದು ಅವಳದ್ದು.
ಕೊಡದೇ ಉಳಿದದ್ದೂ? ಎಂದು ಕೇಳಿದೆ.
ಫೋನಿನಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೇ. ಆಮೇಲೆ
"ಅದು ವ್ಯಾಕರಣದಲ್ಲಿ ಬರುವುದಿಲ್ಲ" ಅಂದರು.

ಆಗಸ್ಟ್ ಒಂದು. ತೊಟ್ಟಿಯಲ್ಲಿ ಉಪ್ಪುನೀರು,
ಉಪ್ಪುನೀರಿನಲ್ಲಿ ಮುಳುಗಿದ ಡಬ್ಬಿ, ಡಬ್ಬಿಯಲ್ಲಿ ಸಿಹಿನೀರು ಕಲ್ಲಾಗುತ್ತಿದೆ.
ಹದಿನಾರನೇ ಪಾಠ ಅರ್ಧಕ್ಕೆ ನಿಂತಿದೆ. ಲಾಗ್ ಪುಸ್ತಕದಲ್ಲಿ
ಈ ಕಡೆಯಿಂದ ಪ್ರೆಶರು, ಆ ಕಡೆಯಿಂದ ಕ್ರಿಯಾಪದ,
ನಡುವೆ ಹನ್ನೊಂದು ಖಾಲಿ ಹಾಳೆ.

ನಸುಕಿನ ಮೂರೂವರೆ. ಮೊದಲ ಬೋಟಿನ ಹುಡುಗರು
ಜಾರುಹಲಗೆಯ ಕೆಳಗೆ ನಿಂತು ಕೂಗುತ್ತಾರೆ,
"ಅಜ್ಜಾ! ಐಸ್!"
ಹೋದ ವರ್ಷವಾದರೆ ಸಿಟ್ಟು ಬರುತ್ತಿತ್ತು,
ತಲೆಗೂದಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.
ಈಗ ಬಲಗಿವಿಗೆ ಕೇಳಿಸುವುದೇ ಬೇರೆ:
ಇಂದು! ಐಸ್!
ಬಂದೆ ತಡಿರೋ ಎನ್ನುತ್ತ
ಗೇಟು ಎತ್ತುತ್ತೇನೆ.